ಶುಂಠಿ ಗೆಡ್ಡೆಯೊಳಗೆ ವಾಸಿಸುವ ದುಂಡಾಣುಗಳು: ಬೆಳೆಗಾರರಿಗೆ ಹಾಗೂ ಸೇವೆ ಕೋರುವ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಶುಂಠಿಯು ಸಾಂಬಾರ ಬೆಳೆಯೂ ಹೌದು, ಔಷಧಿ ಬೆಳೆಯೂ ಹೌದು. ಆಯುರ್ವೇದದ ತ್ರಿಕಟು ಚೂರ್ಣದಲ್ಲಿ ಹಿಪ್ಪಲಿ ಮತ್ತು ಕಾಳುಮೆಣಸಿನೊಂದಿಗೆ ಒಣಶುಂಠಿಯು ಸೇರಿದೆ. ಕೆಮ್ಮು, ನೆಗಡಿ, ಅಜೀರ್ಣಗಳಿಗೆ ಶುಂಠಿ ಕಷಾಯವನ್ನು ಬಳಸದ ಮನೆಗಳು ವಿರಳ. ದಾವಣಗೆರೆ ಜಿಲ್ಲೆಯ ಹೊನ್ನಾಳಿ, ನ್ಯಾಮತಿ ಹಾಗೂ ಚನ್ನಗಿರಿ ತಾಲ್ಲೂಕುಗಳಲ್ಲಿ ಭತ್ತ, ಮೆಕ್ಕೆಜೋಳ, ಅಡಿಕೆ ಬೆಳೆಗಳ ಜೊತೆಗೆ ಶುಂಠಿಯನ್ನೂ ಬೆಳೆಯಲಾಗುತ್ತಿದೆ. ಸಾಸ್ವೆಹಳ್ಳಿ ಹೋಬಳಿಯಂತಹ ನೀರಿನ ಅನುಕೂಲವಿರುವ ಕಡೆಗಳಲ್ಲಿ ಈ ಬೆಳೆಯತ್ತ ರೈತರ ಒಲವು ಸಹಜವಾಗಿದೆ.

ಶುಂಠಿಯು ಹೆಚ್ಚು ಬಂಡವಾಳ ಬೇಡುವ ಬೆಳೆಯಾಗಿದೆ. ಮುಂಗಾರಿನ ಮಳೆ ಬಿಡದೆ ಸುರಿಯುವ ದಿನಗಳಲ್ಲಿ ಹಸಿರಾಗಿದ್ದ ಮಡಿಗಳು ಕೆಲವೇ ದಿನಗಳಲ್ಲಿ ಬಾಡಿ, ಗೆಡ್ಡೆಗಳು ಕೊಳೆತುಹೋಗುವುದುಂಟು. ಆಗ ಔಷಧಿಯನ್ನು ಅರಸಿ ರೈತರು ಕಚೇರಿಗಳಿಗೂ ಅಂಗಡಿಗಳಿಗೂ ಅಲೆಯುತ್ತಾರೆ. ಆದರೆ ಅಷ್ಟು ಹೊತ್ತಿಗೆ ಮಾಡಬಹುದಾದ ಕೆಲಸ ಬಹಳ ಕಡಿಮೆ ಉಳಿದಿರುತ್ತದೆ. ಇದಕ್ಕೆ ಕಾರಣವು ಶುಂಠಿ ಗೆಡ್ಡೆಯ ಒಳಗೆ ಜೀವಿಸುವ ಸೂಕ್ಷ್ಮಜೀವಿಗಳ ಸ್ವಭಾವದಲ್ಲಿದೆ. ಇವುಗಳಲ್ಲಿ ಗಿಡಕ್ಕೆ ನೆರವಾಗುವವೂ ಇವೆ, ಗಿಡವನ್ನು ಕೊಲ್ಲುವವೂ ಇವೆ. ಎರಡೂ ಬಗೆಯವು ಬಿತ್ತನೆ ಗೆಡ್ಡೆಯ ಮೂಲಕವೇ ಹೊಲಕ್ಕೆ ಬರುತ್ತವೆ. ಈ ವಿಷಯವನ್ನು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

1. ಒಳವಾಸಿ ದುಂಡಾಣುಗಳೆಂದರೆ ಯಾವುವು?

ಬ್ಯಾಕ್ಟೀರಿಯಾಗಳನ್ನು ಕೃಷಿ ಭಾಷೆಯಲ್ಲಿ ದುಂಡಾಣುಗಳೆಂದು ಕರೆಯಲಾಗುತ್ತದೆ. ಇವು ಮಣ್ಣಿನಲ್ಲಿ, ನೀರಿನಲ್ಲಿ, ಬೇರಿನ ಸುತ್ತಮುತ್ತ ಇರುವುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಆರೋಗ್ಯವಂತ ಗಿಡದ ಬೇರು, ಕಾಂಡ, ಎಲೆ ಮತ್ತು ಗೆಡ್ಡೆಗಳ ಒಳಭಾಗದಲ್ಲಿಯೂ ದುಂಡಾಣುಗಳು ಮತ್ತು ಶಿಲೀಂಧ್ರಗಳು ವಾಸಿಸುತ್ತವೆ. ಗಿಡಕ್ಕೆ ರೋಗ ತರದೆ ಅದರ ಅಂಗಾಂಶದೊಳಗೆ ಬಾಳುವ ಇಂತಹ ಜೀವಿಗಳನ್ನು ಒಳವಾಸಿ ಸೂಕ್ಷ್ಮಜೀವಿಗಳೆಂದು ಕರೆಯಬಹುದು. ವಿಜ್ಞಾನದಲ್ಲಿ ಇವುಗಳಿಗೆ ಎಂಡೋಫೈಟ್ ಎಂಬ ಹೆಸರಿದೆ. ಗಿಡದೊಳಗಿನ ಜೀವಿಗಳನ್ನು ಕುರಿತು ಈ ಪದವನ್ನು 1866ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ ಅವರು ಬಳಕೆಗೆ ತಂದರು.

ಈ ವಿಷಯವು ದೂರದ ಪ್ರಯೋಗಾಲಯಗಳಿಗೆ ಮಾತ್ರ ಸೀಮಿತವಾಗಿಲ್ಲ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಭದ್ರಾ ಯೋಜನಾ ಪ್ರದೇಶದ ಭತ್ತದ ಗಿಡಗಳಲ್ಲಿರುವ ಒಳವಾಸಿ ಸೂಕ್ಷ್ಮಜೀವಿಗಳನ್ನು ಅಧ್ಯಯನ ಮಾಡಿ 2009ರಲ್ಲಿ ವರದಿ ಪ್ರಕಟಿಸಿದ್ದಾರೆ. ಪಶ್ಚಿಮ ಘಟ್ಟದ ಔಷಧಿ ಮರಗಳ ಬಗ್ಗೆಯೂ ಅಲ್ಲಿ ಇಂತಹ ಅಧ್ಯಯನಗಳು ನಡೆದಿವೆ. ಕಬ್ಬಿನ ಒಳಗೆ ವಾಸಿಸುತ್ತಾ ಗಾಳಿಯ ಸಾರಜನಕವನ್ನು ಸ್ಥಿರೀಕರಿಸುವ ದುಂಡಾಣುವೊಂದನ್ನು ಬ್ರೆಜಿಲ್ ದೇಶದ ವಿಜ್ಞಾನಿಗಳು 1988ರಲ್ಲಿ ವರದಿ ಮಾಡಿದ್ದರು. ಹೀಗೆ ಈ ಭಾಗದ ರೈತರು ದಿನನಿತ್ಯ ಕಾಣುವ ಭತ್ತ, ಕಬ್ಬು, ಶುಂಠಿ ಎಲ್ಲವೂ ಒಳಗೆ ಒಂದೊಂದು ಜೀವಿಸಮುದಾಯವನ್ನು ಹೊತ್ತಿರುತ್ತವೆ.

2. ಇವು ಗಿಡದ ಒಳಗೆ ಸೇರುವ ಬಗೆ

ಬಹುಪಾಲು ಒಳವಾಸಿ ದುಂಡಾಣುಗಳು ಮಣ್ಣಿನಿಂದ ಬರುತ್ತವೆ. ಮುಖ್ಯ ಬೇರಿನಿಂದ ಕವಲು ಬೇರು ಹೊರಬರುವಾಗ ಬೇರಿನ ಹೊರಪದರದಲ್ಲಿ ಸಣ್ಣ ಬಿರುಕು ಉಂಟಾಗುತ್ತದೆ. ಈ ಬಿರುಕು, ಬೇರಿನ ಎಳೆಯ ತುದಿ, ಹುಳು ಕಚ್ಚಿದ ಅಥವಾ ಗುದ್ದಲಿ ತಾಗಿದ ಗಾಯ ಮತ್ತು ಎಲೆಯ ಸೂಕ್ಷ್ಮ ರಂಧ್ರಗಳು ಇವುಗಳ ಪ್ರವೇಶದ್ವಾರಗಳಾಗಿವೆ. ಒಳ ಸೇರಿದ ಮೇಲೆ ಜೀವಕೋಶಗಳ ನಡುವಿನ ಸಂದಿಗಳಲ್ಲಿಯೂ ನೀರು ಸಾಗುವ ನಾಳಗಳಲ್ಲಿಯೂ ನೆಲೆಸುತ್ತವೆ.

ಇವುಗಳನ್ನು ಪತ್ತೆ ಹಚ್ಚಲು ವಿಜ್ಞಾನಿಗಳು ಮೊದಲು ಗೆಡ್ಡೆಯ ಹೊರಮೈಯನ್ನು ಮದ್ಯಸಾರ ಮತ್ತು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣಗಳಿಂದ ತೊಳೆದು ಅಲ್ಲಿರುವ ಸೂಕ್ಷ್ಮಜೀವಿಗಳನ್ನು ನಾಶಪಡಿಸುತ್ತಾರೆ. ಕೊನೆಯ ಸಲ ತೊಳೆದ ನೀರಿನಲ್ಲಿ ಏನೂ ಬೆಳೆಯುವುದಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಒಳಭಾಗವನ್ನು ಅರೆದು ಪೋಷಕ ಮಾಧ್ಯಮದ ಮೇಲೆ ಹರಡುತ್ತಾರೆ. ಆ ಬಳಿಕ ಬೆಳೆದು ಬಂದವು ಒಳಗಿನಿಂದ ಬಂದವೆಂದು ತಿಳಿಯಬಹುದು. ಪ್ರಯೋಗಾಲಯದಲ್ಲಿ ಬೆಳೆಸಲಾಗದ ಜೀವಿಗಳೂ ಬಹಳಷ್ಟಿವೆ. ಅಂತಹವುಗಳನ್ನು ಅವುಗಳ ವಂಶವಾಹಿ ವಸ್ತುವಿನ ಪರೀಕ್ಷೆಯಿಂದ ಗುರುತಿಸಲಾಗುತ್ತದೆ.

ರೈತರು ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಗೆಡ್ಡೆಯ ಹೊರಮೈಯನ್ನು ಎಷ್ಟು ತೊಳೆದರೂ ಒಳಗಿರುವ ಜೀವಿಗಳು ಒಳಗೇ ಉಳಿಯುತ್ತವೆ.

3. ಗಿಡಕ್ಕೆ ಆಗುವ ಉಪಯೋಗ

ಕೇರಳದ ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದ ಸಂಶೋಧಕರು ಶುಂಠಿ ಗೆಡ್ಡೆಯ ಒಳಭಾಗದಿಂದ ದುಂಡಾಣುಗಳನ್ನು ಬೇರ್ಪಡಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ ಸ್ಯೂಡೋಮೊನಾಸ್ ಗುಂಪಿನ ಒಂದು ದುಂಡಾಣುವಿನಲ್ಲಿ ಗಿಡದ ಬೆಳವಣಿಗೆಗೆ ನೆರವಾಗುವ ಹಲವು ಗುಣಗಳು ಕಂಡುಬಂದವು. ಸಾಮಾನ್ಯವಾಗಿ ಒಳವಾಸಿ ದುಂಡಾಣುಗಳಿಂದ ಈ ಕೆಳಕಂಡ ಉಪಯೋಗಗಳು ಆಗಬಹುದಾಗಿದೆ:

(ಅ) ಬೇರಿನ ಬೆಳವಣಿಗೆಗೆ ಬೇಕಾದ ಆಕ್ಸಿನ್ ಎಂಬ ಚೋದಕವನ್ನು ಉತ್ಪಾದಿಸುವುದು.

(ಆ) ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುವ ವಸ್ತುವನ್ನು ಸ್ರವಿಸುವುದು. ಇದರಿಂದ ರೋಗಕಾರಕಗಳಿಗೆ ಕಬ್ಬಿಣ ದೊರೆಯದಂತಾಗುತ್ತದೆ.

(ಇ) ನೀರಿನ ಕೊರತೆ ಅಥವಾ ಅತಿಯಾದ ನೀರಿನಿಂದ ಗಿಡವು ಬಳಲಿದಾಗ ಅದರಲ್ಲಿ ಎಥಿಲೀನ್ ಹೆಚ್ಚಾಗಿ ಬೆಳವಣಿಗೆ ಕುಂಠಿತವಾಗುತ್ತದೆ. ಕೆಲವು ದುಂಡಾಣುಗಳು ಎಥಿಲೀನ್ ತಯಾರಾಗುವ ಮೂಲವಸ್ತುವನ್ನೇ ಒಡೆದು ಈ ಬಳಲಿಕೆಯನ್ನು ತಗ್ಗಿಸುತ್ತವೆ.

(ಈ) ಗಿಡದೊಳಗಿನ ಸ್ಥಳ ಮತ್ತು ಆಹಾರವನ್ನು ಮೊದಲೇ ಆಕ್ರಮಿಸಿಕೊಂಡು ರೋಗಕಾರಕಗಳಿಗೆ ನೆಲೆ ಸಿಗದಂತೆ ಮಾಡುವುದು, ಅವುಗಳನ್ನು ತಡೆಯುವ ವಸ್ತುಗಳನ್ನು ಸ್ರವಿಸುವುದು ಮತ್ತು ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವುದು.

4. ಔಷಧೀಯ ಗುಣಕ್ಕೂ ಒಳವಾಸಿಗಳಿಗೂ ಇರುವ ಸಂಬಂಧ

ಔಷಧಿ ಗಿಡದ ಗುಣವು ಕೇವಲ ಗಿಡದ್ದೇ ಅಥವಾ ಅದರೊಳಗಿನ ಜೀವಿಗಳ ಪಾಲೂ ಅದರಲ್ಲಿ ಇದೆಯೇ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿಯೇ ಗಮನಾರ್ಹ ಸಂಶೋಧನೆ ನಡೆದಿದೆ. ಪಶ್ಚಿಮ ಘಟ್ಟದಲ್ಲಿ ದುರ್ವಾಸನೆ ಮರವೆಂಬ ಮರವಿದೆ. ಅದರ ಕುಟುಂಬಕ್ಕೆ ಸೇರಿದ ಕೆಲವು ಸಸ್ಯಗಳಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ದೊರೆಯುತ್ತದೆ. ಟೋಪೋಟೆಕನ್ ಮತ್ತು ಇರಿನೋಟೆಕನ್ ಎಂಬ ಕ್ಯಾನ್ಸರ್ ಔಷಧಿಗಳನ್ನು ಈ ವಸ್ತುವಿನಿಂದಲೇ ರೂಪಿಸಲಾಗಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರನ್ನು ಒಳಗೊಂಡ ತಂಡವು ಇದೇ ಕುಟುಂಬದ ಮಿಕ್ವೇಲಿಯಾ ಡೆಂಟೇಟಾ ಎಂಬ ಸಸ್ಯದೊಳಗಿನ ದುಂಡಾಣುಗಳನ್ನು ಬೇರ್ಪಡಿಸಿತು. ಆ ದುಂಡಾಣುಗಳೂ ಕ್ಯಾಂಪ್ಟೊಥೆಸಿನ್ ಉತ್ಪಾದಿಸುತ್ತವೆಯೆಂದು 2013ರಲ್ಲಿ ವರದಿ ಮಾಡಿತು. ಅವು ಬ್ಯಾಸಿಲಸ್ ಗುಂಪಿಗೆ ಸೇರಿದವುಗಳಾಗಿದ್ದವು.

ಆದರೆ ಗಿಡದಿಂದ ಹೊರತೆಗೆದು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿದಂತೆಲ್ಲಾ ಆ ದುಂಡಾಣುಗಳಲ್ಲಿ ಔಷಧಿಯ ಉತ್ಪಾದನೆಯು ಕುಗ್ಗುತ್ತಾ ಹೋಯಿತು. ಗಿಡ ಮತ್ತು ಅದರ ಒಳವಾಸಿಗಳ ನಡುವಿನ ಸಂಬಂಧವು ಎಷ್ಟು ಆಳವಾದುದು ಎಂಬುದಕ್ಕೆ ಇದೊಂದು ನಿದರ್ಶನವಾಗಿದೆ.

ಈ ಫಲಿತಾಂಶವನ್ನು ಶುಂಠಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಶುಂಠಿಯ ಖಾರಕ್ಕೆ ಕಾರಣವಾದ ಜಿಂಜರಾಲ್ ಎಂಬ ವಸ್ತುವನ್ನು ಗಿಡವು ತಾನೇ ತಯಾರಿಸುತ್ತದೆ. ಗೆಡ್ಡೆಯನ್ನು ಒಣಗಿಸಿದಾಗ ಅದರ ಒಂದು ಭಾಗವು ಶೋಗಾಲ್ ಎಂಬ ಇನ್ನೊಂದು ಖಾರ ವಸ್ತುವಾಗಿ ಮಾರ್ಪಡುತ್ತದೆ. ಆದ್ದರಿಂದ ಯಾವುದೇ ದುಂಡಾಣು ಉತ್ಪನ್ನವನ್ನು ಬಳಸಿದರೆ ಶುಂಠಿಯ ಔಷಧೀಯ ಗುಣ ಇಮ್ಮಡಿಯಾಗುತ್ತದೆಂದು ಯಾರಾದರೂ ಹೇಳಿದಲ್ಲಿ, ಅದಕ್ಕೆ ಆಧಾರವನ್ನು ಕೇಳುವುದು ಸೂಕ್ತ.

5. ಅದೇ ದಾರಿಯಲ್ಲಿ ಬರುವ ಶತ್ರು

ಶುಂಠಿಯ ದುಂಡಾಣು ಸೊರಗು ರೋಗಕ್ಕೆ ಕಾರಣವಾದ ಜೀವಿಯನ್ನು ಈಗ ರಾಲ್ಸ್ಟೋನಿಯಾ ಸ್ಯೂಡೋಸೊಲನೇಸಿಯಾರಮ್ ಎಂದು ಕರೆಯಲಾಗುತ್ತದೆ. ಟೊಮೆಟೊ, ಆಲೂಗೆಡ್ಡೆ, ಬದನೆಗಳಲ್ಲಿ ಸೊರಗು ರೋಗ ತರುವ ದುಂಡಾಣುವನ್ನು 1896ರಲ್ಲಿಯೇ ಅಮೆರಿಕದ ಇರ್ವಿನ್ ಸ್ಮಿತ್ ಅವರು ವಿವರಿಸಿದ್ದರು. ಆ ಗುಂಪನ್ನು 2014ರಲ್ಲಿ ಮರುವಿಂಗಡಣೆ ಮಾಡಿದಾಗ ಈ ಹೊಸ ಹೆಸರು ಬಂದಿತು.

ಈ ದುಂಡಾಣು ಸಹ ಬೇರಿನ ಬಿರುಕು ಮತ್ತು ಗಾಯಗಳ ಮೂಲಕವೇ ಒಳ ಸೇರುತ್ತದೆ, ನೀರು ಸಾಗುವ ನಾಳಗಳಲ್ಲಿಯೇ ನೆಲೆಸುತ್ತದೆ. ಅಲ್ಲಿ ಅಪಾರವಾಗಿ ವೃದ್ಧಿಯಾಗಿ ಅಂಟು ದ್ರವವನ್ನು ಸ್ರವಿಸಿ ನಾಳವನ್ನು ಕಟ್ಟಿಬಿಡುತ್ತದೆ. ಮಣ್ಣಿನಲ್ಲಿ ನೀರಿದ್ದರೂ ಎಲೆಗೆ ತಲುಪದೆ ಗಿಡವು ಬಾಡುತ್ತದೆ. ಇನ್ನೊಂದು ಮುಖ್ಯ ಸಂಗತಿಯೆಂದರೆ, ಸೋಂಕು ಕಡಿಮೆಯಿರುವಾಗ ಗೆಡ್ಡೆಯು ಹೊರನೋಟಕ್ಕೆ ಪೂರ್ತಿ ಆರೋಗ್ಯವಾಗಿಯೇ ಕಾಣುತ್ತದೆ. ಅಂತಹ ಗೆಡ್ಡೆಯನ್ನು ಬಿತ್ತಿದಾಗ, ಮಳೆ ಹಾಗೂ ಶಾಖ ಒದಗಿ ಬಂದ ಕೂಡಲೇ ರೋಗ ಪ್ರಕಟವಾಗುತ್ತದೆ.

ರೋಗದ ಲಕ್ಷಣಗಳು: ಕೆಳಗಿನ ಎಲೆಗಳ ಅಂಚು ಮುದುರಿ ಜೋಲು ಬೀಳುವುದು, ಗಿಡದ ಬುಡದಲ್ಲಿ ನೀರಿನಲ್ಲಿ ನೆನೆದಂತಹ ಕಲೆ, ನಂತರ ಎಲೆಗಳು ಹಳದಿಯಾಗಿ ಇಡೀ ಗಿಡ ಬೇಗನೆ ಬಾಡುವುದು, ಕಾಂಡವನ್ನು ಸೀಳಿದಾಗ ಕಪ್ಪು ಗೆರೆಗಳು, ಗೆಡ್ಡೆಯನ್ನು ಒತ್ತಿದಾಗ ಹಾಲಿನಂತಹ ದ್ರವ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ: ಬಾಡಲು ಆರಂಭಿಸಿದ ಗಿಡದ ಕಾಂಡದ ಬುಡಭಾಗದಿಂದ ಒಂದು ತುಂಡನ್ನು ಕತ್ತರಿಸಿ, ಗಾಜಿನ ಲೋಟದಲ್ಲಿರುವ ತಿಳಿ ನೀರಿನಲ್ಲಿ ಕತ್ತರಿಸಿದ ಭಾಗವು ಮುಳುಗುವಂತೆ ಅಲುಗಾಡದೆ ಹಿಡಿಯಬೇಕು. ಕೆಲವು ನಿಮಿಷಗಳಲ್ಲಿ ಹಾಲಿನ ಎಳೆಯಂತಹ ದ್ರವವು ಇಳಿದು ಬಂದರೆ ದುಂಡಾಣು ಸೊರಗು ರೋಗವೆಂದು ಶಂಕಿಸಬಹುದು. ಪಿಥಿಯಂನಿಂದ ಬರುವ ಗೆಡ್ಡೆ ಕೊಳೆ ರೋಗದಲ್ಲಿ ಇಂತಹ ಎಳೆ ಕಾಣುವುದಿಲ್ಲ. ಬುಡ ಕೊಳೆತ ಗಿಡವನ್ನು ಎಳೆದರೆ ಸುಲಭವಾಗಿ ಕಿತ್ತು ಬರುತ್ತದೆ. ಎರಡೂ ರೋಗಗಳು ಒಂದೇ ಮಡಿಯಲ್ಲಿ ಇರುವುದೂ ಉಂಟು. ಎರಡಕ್ಕೂ ಕ್ರಮಗಳು ಬೇರೆ ಬೇರೆಯಾಗಿರುವುದರಿಂದ ಮೊದಲು ರೋಗವನ್ನು ಗುರುತಿಸುವುದು ಅಗತ್ಯ.

6. ಬಿತ್ತನೆ ಗೆಡ್ಡೆಯ ಲೆಕ್ಕ

ಶುಂಠಿಯು ಬೀಜ ಕಟ್ಟುವುದಿಲ್ಲ. ಪ್ರತಿ ವರ್ಷವೂ ಗೆಡ್ಡೆಯ ತುಂಡನ್ನೇ ನೆಡಬೇಕು. ಹೀಗಾಗಿ ಹಿಂದಿನ ವರ್ಷದ ಗಿಡದೊಳಗೆ ಇದ್ದ ಜೀವಿಸಮುದಾಯವು ಈ ವರ್ಷದ ಗಿಡಕ್ಕೆ ನೇರವಾಗಿ ಸಾಗುತ್ತದೆ. ಬಿತ್ತನೆ ಗೆಡ್ಡೆಯನ್ನು ಕೊಳ್ಳುವ ರೈತನು ಅದರೊಳಗಿನ ದುಂಡಾಣುಗಳನ್ನೂ ಕೊಂಡಂತೆಯೇ ಸರಿ.

ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯು ಹೆಕ್ಟೇರಿಗೆ 1500ರಿಂದ 1800 ಕಿಲೋಗ್ರಾಂ ಬಿತ್ತನೆ ಗೆಡ್ಡೆಯನ್ನು, ತಲಾ 20ರಿಂದ 25 ಗ್ರಾಂ ತೂಕದ ತುಂಡುಗಳಾಗಿ ನೆಡಲು ಶಿಫಾರಸು ಮಾಡಿದೆ. ಎಕರೆಗೆ ಇದು ಸುಮಾರು 600ರಿಂದ 720 ಕಿಲೋಗ್ರಾಂ, ಅಂದರೆ 60 ಕಿಲೋಗ್ರಾಂ ತೂಕದ 10ರಿಂದ 12 ಚೀಲಗಳು. ತುಂಡುಗಳ ಲೆಕ್ಕದಲ್ಲಿ 24,000ದಿಂದ 36,000. ಅನೇಕ ರೈತರು ಇದಕ್ಕಿಂತ ಹೆಚ್ಚು ಗೆಡ್ಡೆಯನ್ನು ಬಳಸುತ್ತಾರೆ. ಇವುಗಳಲ್ಲಿ ನೂರಕ್ಕೆ ಒಂದು ತುಂಡು ಸೋಂಕಿತವಾಗಿದ್ದರೂ ಎಕರೆಯಲ್ಲಿ 240ರಿಂದ 360 ಕಡೆಗಳಲ್ಲಿ ರೋಗದ ನೆಲೆ ಸಿದ್ಧವಾಗುತ್ತದೆ. ಮಳೆಯ ನೀರು ಮಡಿಯಿಂದ ಮಡಿಗೆ ಹರಿದಾಗ ಉಳಿದ ಗಿಡಗಳಿಗೂ ಅದು ಹರಡುತ್ತದೆ.

ನೆಡುವ ಮೊದಲು ಗೆಡ್ಡೆಗಳನ್ನು ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೋಜೆಬ್ ಬೆರೆಸಿದ ದ್ರಾವಣದಲ್ಲಿ 30 ನಿಮಿಷ ಅದ್ದಿ ನೆರಳಿನಲ್ಲಿ ಆರಿಸುವುದು ರೂಢಿಯಲ್ಲಿರುವ ಉತ್ತಮ ಕ್ರಮವಾಗಿದೆ. ಇದನ್ನು ಬಿಡಬಾರದು. ಆದರೆ ಇದು ಮುಖ್ಯವಾಗಿ ಗೆಡ್ಡೆಯ ಮೇಲಿರುವ ಶಿಲೀಂಧ್ರಗಳ ವಿರುದ್ಧ ಕೆಲಸ ಮಾಡುತ್ತದೆ. ನಾಳದೊಳಗೆ ಅಡಗಿರುವ ದುಂಡಾಣುವಿಗೆ ಇದು ತಲುಪುವುದಿಲ್ಲ. ಗೆಡ್ಡೆಗೆ ಉಪಚಾರ ಮಾಡಿದ್ದರೂ ಸೊರಗು ರೋಗ ಬಂದಿತೆಂಬ ದೂರಿಗೆ ಬಹುತೇಕ ಇದೇ ಉತ್ತರವಾಗಿದೆ.

7. ಅನುಸರಿಸಬೇಕಾದ ಕ್ರಮಗಳು

(1) ಬಿತ್ತನೆಯ ಆಯ್ಕೆಯನ್ನು ಹಿಂದಿನ ಬೆಳೆ ಇನ್ನೂ ಹಸಿರಾಗಿ ನಿಂತಿರುವಾಗಲೇ ಮಾಡತಕ್ಕದ್ದು. ಬೆಳೆಯು 6ರಿಂದ 8 ತಿಂಗಳಿನದಾಗಿದ್ದಾಗ ಒಂದೂ ಬಾಡಿದ ಗಿಡವಿಲ್ಲದ ತಾಕನ್ನು ಗುರುತು ಮಾಡಿ, ಬಲಿತ ನಂತರ ಅಲ್ಲಿಯ ಗೆಡ್ಡೆಯನ್ನು ಮಾತ್ರ ಬಿತ್ತನೆಗೆ ಇಡಬೇಕು. ಚೀಲದಲ್ಲಿ ತುಂಬಿದ ಗೆಡ್ಡೆಯನ್ನು ನೋಡಿ ರೋಗವನ್ನು ಕಂಡುಹಿಡಿಯಲು ಸಾಧ್ಯವಿಲ್ಲ. ಹೊರಗಿನಿಂದ ಕೊಳ್ಳುವವರು ಸಾಧ್ಯವಾದ ಮಟ್ಟಿಗೆ ಬೆಳೆ ನಿಂತಿರುವಾಗಲೇ ಆ ಹೊಲವನ್ನು ಕಣ್ಣಾರೆ ನೋಡಿ ಬರುವುದು ಒಳಿತು. ಹಿಮಾಚಲ, ರಿಗೋಡಿ, ಮಾರನ್ ಮುಂತಾದ ಯಾವ ತಳಿಯಾದರೂ ಈ ನಿಯಮ ಒಂದೇ ಆಗಿದೆ.

(2) ಬಿತ್ತನೆ ಗೆಡ್ಡೆಯನ್ನು ನೆರಳಿನಲ್ಲಿ, ಒಳಗೆ ಸಗಣಿ ಸಾರಿಸಿದ ಗುಂಡಿಯಲ್ಲಿ, ಮರಳು ಅಥವಾ ಮರದ ಹೊಟ್ಟಿನ ಪದರಗಳ ನಡುವೆ ಗಾಳಿಯಾಡುವಂತೆ ಸಂಗ್ರಹಿಸಬೇಕು. ಆಗಾಗ್ಗೆ ಪರಿಶೀಲಿಸಿ ಕೊಳೆತವುಗಳನ್ನು ಬೇರ್ಪಡಿಸಬೇಕು.

(3) ಹಿಂದೆ ಸೊರಗು ರೋಗ ಬಂದ ಜಮೀನಿನಲ್ಲಿ ಶುಂಠಿಯನ್ನು ನೆಡಬಾರದು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಮತ್ತು ಕಡಲೆಕಾಯಿಗಳಲ್ಲಿಯೂ ಈ ದುಂಡಾಣು ಬದುಕುವುದರಿಂದ ಇವುಗಳ ನಂತರ ಶುಂಠಿಯು ಬೇಡ. ಈ ಭಾಗದಲ್ಲಿ ಬಳಕೆಯಲ್ಲಿರುವ ಭತ್ತ, ಮೆಕ್ಕೆಜೋಳ ಮತ್ತು ರಾಗಿ ಬೆಳೆಗಳು ಸರದಿಗೆ ಸೂಕ್ತವಾಗಿವೆ.

(4) 1 ಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಏರುಮಡಿಗಳನ್ನು ಮಾಡಿ, ಮಡಿಗಳ ನಡುವೆ 50 ಸೆಂಟಿಮೀಟರ್ ಅಂತರದಲ್ಲಿ ಬಸಿಗಾಲುವೆ ಬಿಡಬೇಕು. ಒಂದು ಮಡಿಯ ನೀರು ಇನ್ನೊಂದು ಮಡಿಯ ಮೇಲೆ ಹರಿಯದಂತೆ ನೋಡಿಕೊಳ್ಳಬೇಕು. ಕಾಲುವೆ ಮತ್ತು ಕೆರೆಯ ನೀರನ್ನು ಬಳಸುವ ಕಡೆಗಳಲ್ಲಿ ಮೇಲಿನ ರೋಗಪೀಡಿತ ಹೊಲದ ಬಸಿನೀರು ಕೆಳಗಿನ ಹೊಲಕ್ಕೆ ಇಳಿಯದಂತೆ ಅಕ್ಕಪಕ್ಕದ ರೈತರು ಪರಸ್ಪರ ಮಾತನಾಡಿಕೊಳ್ಳುವುದು ಅವಶ್ಯ.

(5) ಬೇಸಿಗೆಯಲ್ಲಿ ತೇವವಿರುವ ಮಡಿಗಳ ಮೇಲೆ ಪಾರದರ್ಶಕ ಪಾಲಿಥೀನ್ ಹಾಳೆಯನ್ನು 40 ದಿನ ಹೊದಿಸಿ ಅಂಚುಗಳನ್ನು ಮಣ್ಣಿನಿಂದ ಮುಚ್ಚಿದರೆ ಸೂರ್ಯನ ಶಾಖದಿಂದ ಮಣ್ಣಿನ ರೋಗಾಣುಗಳು ತಗ್ಗುತ್ತವೆ. ಶಾಖವು ಉಪಕಾರಿ ಜೀವಿಗಳಿಗೂ ತಾಗುವುದರಿಂದ, ಹಾಳೆ ತೆಗೆದ ಬಳಿಕ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯನ್ನು ಸೇರಿಸಬೇಕು.

(6) ನೆಟ್ಟ ಕೂಡಲೇ ಹಸಿರೆಲೆಯ ಹೊದಿಕೆ ಹಾಕಬೇಕು. ಇದನ್ನು 40 ಮತ್ತು 90 ದಿನಗಳ ನಂತರ ಮತ್ತೆ ಹಾಕಬೇಕು. ಹೊದಿಕೆಯು ಮಳೆಹನಿಯಿಂದ ಮಣ್ಣು ಸಿಡಿಯುವುದನ್ನು ತಡೆಯುತ್ತದೆ.

(7) ಬಾಡಿದ ಗಿಡ ಕಂಡ ದಿನವೇ ಗೆಡ್ಡೆ ಹಾಗೂ ಸುತ್ತಲಿನ ಮಣ್ಣಿನ ಸಮೇತ ತೆಗೆದು ಹೊಲದಿಂದ ಹೊರಗೆ ನಾಶಪಡಿಸಬೇಕು. ಅದನ್ನು ಕಾಲುವೆಗೆ ಅಥವಾ ಗೊಬ್ಬರದ ಗುಂಡಿಗೆ ಎಸೆಯಬಾರದು. ಗುದ್ದಲಿ, ಕುಡುಗೋಲು ಮತ್ತು ಪಾದರಕ್ಷೆಗಳನ್ನು ತೊಳೆಯದೆ ಬೇರೆ ಮಡಿಗೆ ಹೋಗಬಾರದು.

(8) ಶುಂಠಿಗಾಗಿ ಜಮೀನನ್ನು ಗುತ್ತಿಗೆಗೆ ಕೊಡುವವರು ಬಿತ್ತನೆ ಗೆಡ್ಡೆಯು ಎಲ್ಲಿಂದ ಬರುತ್ತಿದೆ ಎಂದು ವಿಚಾರಿಸುವುದು ಒಳಿತು. ಗುತ್ತಿಗೆಯ ಹಣ ಒಂದು ಬೆಳೆಯ ಅವಧಿಗೆ ಮಾತ್ರ. ಮಣ್ಣಿಗೆ ಸೇರಿದ ದುಂಡಾಣು ಹಲವು ವರ್ಷ ಜಮೀನಿನ ಮಾಲೀಕರ ಬಳಿಯೇ ಉಳಿಯುತ್ತದೆ.

8. ಉಪಕಾರಿ ದುಂಡಾಣುಗಳ ಬಳಕೆ

ಕೇರಳದ ಕಲ್ಲಿಕೋಟೆಯಲ್ಲಿ ಮುಖ್ಯ ಕೇಂದ್ರವನ್ನೂ ಮಡಿಕೇರಿ ಸಮೀಪದ ಅಪ್ಪಂಗಳದಲ್ಲಿ ಪ್ರಾದೇಶಿಕ ಕೇಂದ್ರವನ್ನೂ ಹೊಂದಿರುವ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯು ಶುಂಠಿಯ ಜೀವಕೋಶಗಳ ನಡುವಿನ ಸಂದಿಯಿಂದಲೇ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ದುಂಡಾಣುವನ್ನು ಬೇರ್ಪಡಿಸಿ, ಸೊರಗು ರೋಗದ ಹತೋಟಿಗಾಗಿ ಅಭಿವೃದ್ಧಿಪಡಿಸಿದೆ. ಶುಂಠಿಯೊಳಗಿನ ಮಿತ್ರನನ್ನೇ ಶುಂಠಿಯ ಶತ್ರುವಿನ ವಿರುದ್ಧ ನಿಲ್ಲಿಸುವ ಪ್ರಯತ್ನ ಇದಾಗಿದೆ. ಇಂತಹ ಉತ್ಪನ್ನಗಳು ರೋಗ ಬರುವುದಕ್ಕೆ ಮೊದಲು, ಬಿತ್ತನೆಯ ಹಂತದಿಂದಲೇ ಬಳಸಿದಾಗ ಉಪಯುಕ್ತವಾಗುತ್ತವೆ. ಬಾಡಿದ ಗಿಡವನ್ನು ಇವು ಬದುಕಿಸುವುದಿಲ್ಲ. ಅವುಗಳನ್ನು ತಾಮ್ರಯುಕ್ತ ಔಷಧಿ ಅಥವಾ ಪ್ರತಿಜೈವಿಕಗಳೊಂದಿಗೆ ಒಂದೇ ದ್ರಾವಣದಲ್ಲಿ ಬೆರೆಸಬಾರದು. ಬೆರೆಸಿದಲ್ಲಿ ಹಣ ಕೊಟ್ಟು ತಂದ ಜೀವಿಗಳೇ ಸಾಯುತ್ತವೆ.

ಜೈವಿಕ ಉತ್ಪನ್ನವನ್ನು ಕೊಳ್ಳುವಾಗ ಜೀವಿಯ ಹೆಸರು, ಗ್ರಾಂ ಅಥವಾ ಮಿಲಿಲೀಟರಿನಲ್ಲಿರುವ ಜೀವಂತ ಅಣುಗಳ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ, ಬ್ಯಾಚ್ ಸಂಖ್ಯೆ ಇವುಗಳನ್ನು ಪರಿಶೀಲಿಸಬೇಕು. ರೋಗ ನಿವಾರಕವೆಂದು ಮಾರುವ ಜೈವಿಕ ಪೀಡೆನಾಶಕಗಳಿಗೆ 1968ರ ಕೀಟನಾಶಕ ಕಾಯಿದೆಯಡಿ ನೋಂದಣಿ ಇರಬೇಕು. ಜೈವಿಕ ಗೊಬ್ಬರಗಳು 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ಒಳಪಡುತ್ತವೆ. ಬಿಲ್ಲನ್ನು ಪಡೆದು ಬೆಳೆ ಮುಗಿಯುವವರೆಗೆ ಕಾಪಾಡಿಕೊಳ್ಳಬೇಕು. ಬಿಲ್ಲು ಇಲ್ಲದಿದ್ದಲ್ಲಿ ದೂರನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ.

ಗೆಡ್ಡೆಯೊಳಗೆ ಸಿಗುವ ಎಲ್ಲಾ ದುಂಡಾಣುಗಳೂ ಬಳಕೆಗೆ ಯೋಗ್ಯವಲ್ಲ. ಶುಂಠಿಯಿಂದ ಬೇರ್ಪಡಿಸಿದ ಸ್ಯೂಡೋಮೊನಾಸ್ ಏರುಜಿನೋಸಾ ಎಂಬ ದುಂಡಾಣು ಗೆಡ್ಡೆ ಕೊಳೆ ರೋಗವನ್ನು ತಡೆಯಬಲ್ಲದೆಂದು 2014ರ ಇನ್ನೊಂದು ಅಧ್ಯಯನದಲ್ಲಿ ಕಂಡುಬಂದಿದೆ. ಆದರೆ ಇದೇ ಜಾತಿಯ ದುಂಡಾಣು ನಿಶ್ಶಕ್ತರಾದ ಮನುಷ್ಯರಲ್ಲಿ ಗಂಭೀರ ಸೋಂಕನ್ನು ಉಂಟುಮಾಡಬಲ್ಲದು. ಆದ್ದರಿಂದ ಮೂಲ ತಿಳಿಯದ ದ್ರಾವಣಗಳನ್ನು ಮನೆಯಲ್ಲಿ ವೃದ್ಧಿಪಡಿಸಿ ಸಿಂಪಡಿಸುವುದು ಸುರಕ್ಷಿತವಲ್ಲ.

9. ಸೇವೆ ಕೋರುವ ಅರ್ಜಿದಾರರಿಗೆ ಸೂಚನೆ

ಶುಂಠಿ ಬೆಳೆಯ ಸಲಹೆ ಹಾಗೂ ಆಯಾ ವರ್ಷ ಜಾರಿಯಲ್ಲಿರುವ ಯೋಜನೆಗಳ ಸೌಲಭ್ಯಕ್ಕಾಗಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಅಥವಾ ತಾಲ್ಲೂಕಿನ ತೋಟಗಾರಿಕೆ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ. ಸಾಮಾನ್ಯವಾಗಿ ಫ್ರೂಟ್ಸ್ ನೋಂದಣಿ ಸಂಖ್ಯೆ, ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಹಾಗೂ ಅನ್ವಯಿಸುವಲ್ಲಿ ಜಾತಿ ಪ್ರಮಾಣಪತ್ರ ಬೇಕಾಗುತ್ತದೆ. ತಾಂತ್ರಿಕ ಸಲಹೆಗಾಗಿ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಮತ್ತು ಚನ್ನಗಿರಿ ತಾಲ್ಲೂಕು ಕತ್ತಲಗೆರೆಯಲ್ಲಿರುವ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರಗಳೂ ಸಮೀಪದಲ್ಲಿವೆ.

ರೋಗದ ಮಾದರಿ ತರುವವರು ಪೂರ್ತಿ ಕೊಳೆತ ಗೆಡ್ಡೆಯನ್ನು ತರಬಾರದು. ಕೊಳೆತ ಮೇಲೆ ಬೇರೆ ಜೀವಿಗಳು ಸೇರಿಕೊಂಡು ಮೂಲ ಕಾರಣ ತಿಳಿಯದಂತಾಗುತ್ತದೆ. ಈಗಷ್ಟೇ ಬಾಡಲಾರಂಭಿಸಿದ ಎರಡು ಮೂರು ಗಿಡಗಳನ್ನು ಬೇರು ಗೆಡ್ಡೆ ಸಮೇತ ಕಾಗದದಲ್ಲಿ ಸುತ್ತಿ, ಚೀಲದಲ್ಲಿ ಕಟ್ಟಿ, ಅದೇ ದಿನ ತರುವುದು. ಜೊತೆಗೆ ಬಿತ್ತನೆ ಗೆಡ್ಡೆಯ ಮೂಲ, ನೆಟ್ಟ ದಿನ, ಹಿಂದಿನ ಬೆಳೆ ಮತ್ತು ಈವರೆಗೆ ಬಳಸಿದ ಔಷಧಿಗಳ ವಿವರವನ್ನು ಬರೆದು ತಂದಲ್ಲಿ ಸಲಹೆ ನೀಡಲು ಅನುಕೂಲವಾಗುತ್ತದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಣ್ಣು ಆರೋಗ್ಯ ಚೀಟಿಯಲ್ಲಿ ಎಲ್ಲವೂ ಸರಿಯಿದೆ. ಶುಂಠಿ ನೆಡಬಹುದೇ?
ಉತ್ತರ: ಆ ಚೀಟಿಯು ರಸಸಾರ, ಸಾವಯವ ಇಂಗಾಲ ಮತ್ತು ಪೋಷಕಾಂಶಗಳನ್ನು ತಿಳಿಸುತ್ತದೆ. ಸೊರಗು ರೋಗದ ದುಂಡಾಣು ಇದೆಯೇ ಇಲ್ಲವೇ ಎಂಬುದನ್ನು ತಿಳಿಸುವುದಿಲ್ಲ. ಜಮೀನಿನ ಹಿಂದಿನ ಬೆಳೆಗಳ ಇತಿಹಾಸವನ್ನೂ ಪರಿಗಣಿಸಬೇಕು.

ಪ್ರಶ್ನೆ: ರೋಗದಿಂದ ನಷ್ಟವಾದರೆ ಬೆಳೆ ವಿಮೆ ದೊರೆಯುವುದೇ?
ಉತ್ತರ: ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರವನ್ನು ಮಳೆ, ಉಷ್ಣಾಂಶ ಮುಂತಾದ ಹವಾಮಾನದ ಅಂಕಿಗಳ ಮೇಲೆ ಲೆಕ್ಕ ಹಾಕಲಾಗುತ್ತದೆ, ಗಿಡದ ರೋಗದ ಮೇಲೆ ಅಲ್ಲ. ತಮ್ಮ ಗ್ರಾಮ ಪಂಚಾಯಿತಿಗೆ ಶುಂಠಿ ಬೆಳೆಯು ಸೇರಿದೆಯೇ ಎಂಬುದನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ಕಂತು ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಪ್ರಶ್ನೆ: ಒಳಗೆ ದುಂಡಾಣುಗಳಿರುವ ಶುಂಠಿಯನ್ನು ತಿನ್ನಬಹುದೇ?
ಉತ್ತರ: ತಿನ್ನಬಹುದು. ಎಲ್ಲಾ ತರಕಾರಿ ಮತ್ತು ಗೆಡ್ಡೆಗಳಲ್ಲಿಯೂ ಒಳವಾಸಿ ಜೀವಿಗಳಿರುವುದು ಸಹಜ. ಮಣ್ಣು ಹೋಗುವಂತೆ ತೊಳೆದು, ಸಿಪ್ಪೆ ತೆಗೆದು ಬಳಸಬೇಕು. ಕೊಳೆತದ್ದನ್ನು ಬಳಸಬಾರದು.

ಪ್ರಶ್ನೆ: ಜಗಳೂರು ಭಾಗದಲ್ಲಿ ಅಶ್ವಗಂಧ ಬೆಳೆಯುವವರಿಗೂ ಈ ಮಾಹಿತಿ ಅನ್ವಯಿಸುವುದೇ?
ಉತ್ತರ: ಅಶ್ವಗಂಧದ ಒಳಗೂ ಇಂತಹ ಜೀವಿಗಳಿರುತ್ತವೆ. ಆದರೆ ಅದನ್ನು ಬೀಜದಿಂದ ಬೆಳೆಸುವುದರಿಂದ ತಾಯಿ ಗಿಡದ ಒಳವಾಸಿಗಳು ಶುಂಠಿಯಲ್ಲಿ ಆಗುವಷ್ಟು ಪ್ರಮಾಣದಲ್ಲಿ ಮುಂದಿನ ಬೆಳೆಗೆ ಸಾಗುವುದಿಲ್ಲ. ಕಡಿಮೆ ಮಳೆಯ ಆ ಭಾಗಕ್ಕೆ ಶುಂಠಿಯು ಹೊಂದುವ ಬೆಳೆಯಲ್ಲ.

ಪ್ರಶ್ನೆ: ಔಷಧಿ ಗಿಡದ ದುಂಡಾಣುಗಳನ್ನು ಸಂಶೋಧನೆಗೆಂದು ಯಾರಾದರೂ ಸಂಗ್ರಹಿಸಿದರೆ ಅದಕ್ಕೆ ಕಾನೂನಿನ ನಿಯಮವಿದೆಯೇ?
ಉತ್ತರ: 2002ರ ಜೈವಿಕ ವೈವಿಧ್ಯ ಕಾಯಿದೆಯಲ್ಲಿ ಜೈವಿಕ ಸಂಪನ್ಮೂಲವೆಂದರೆ ಸೂಕ್ಷ್ಮಜೀವಿಗಳೂ ಸೇರಿವೆ. ವಿದೇಶಿ ವ್ಯಕ್ತಿ ಮತ್ತು ಸಂಸ್ಥೆಗಳು ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಪಡೆಯಬೇಕಾಗುತ್ತದೆ. ಸಂದೇಹವಿದ್ದಲ್ಲಿ ಗ್ರಾಮ ಪಂಚಾಯಿತಿಯ ಜೈವಿಕ ವೈವಿಧ್ಯ ನಿರ್ವಹಣಾ ಸಮಿತಿಯ ಗಮನಕ್ಕೆ ತರಬಹುದು.

ಕೊನೆಯ ಮಾತು

ಶುಂಠಿಯ ಬೆಳೆಯು ಕೈಗೆ ಬರುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನೆಡುವ ದಿನಕ್ಕಿಂತ ಮೊದಲೇ ನಿರ್ಧಾರವಾಗಿರುತ್ತದೆ. ಆದ್ದರಿಂದ ಮುಂದಿನ ಹಂಗಾಮಿಗೆ ಶುಂಠಿ ನೆಡಲು ಉದ್ದೇಶಿಸಿರುವ ರೈತ ಬಾಂಧವರು ಔಷಧಿ ಅಂಗಡಿಗೆ ಹೋಗುವ ಮೊದಲು ಬಿತ್ತನೆ ಗೆಡ್ಡೆ ಬರುವ ಹೊಲಕ್ಕೆ ಹೋಗಿ ನೋಡಿ ಬರತಕ್ಕದ್ದು. ಆ ಭೇಟಿಗೆ ಅರ್ಜಿಯೂ ಬೇಕಿಲ್ಲ, ಶುಲ್ಕವೂ ಇಲ್ಲ.